ಬುಡ ಕತ್ತರಿಸಿಹೋಗುತ್ತಿದ್ದ ಒತ್ತಕ್ಷರ: ಎಡಿಟರ್ ರಿಪೇರಿಯ ನನ್ನ ಅನುಭವ

ನಾನು ಬಳಸುವ ಪುಟ್ಟ ಓಪನ್ ಸೋರ್ಸ್ ಎಡಿಟರ್‌ನಲ್ಲಿ ‘ರಾಷ್ಟ್ರ’ ಎಂದು ಟೈಪ್ ಮಾಡಿದರೆ ಒತ್ತುಗಳ ಬುಡವೇ ಕಾಣುತ್ತಿರಲಿಲ್ಲ. ‘ಸ್ತ್ರೀ’, ‘ವೈಶಿಷ್ಟ್ಯ’ಗಳದೂ ಅದೇ ಪಾಡು. ಅದೇ ಫೈಲನ್ನು ಬ್ರೌಸರ್‌ನಲ್ಲಿ ತೆರೆದರೆ ಎಲ್ಲ ಸರಿ. ಅಂದರೆ ಪಠ್ಯ ಕೆಟ್ಟಿಲ್ಲ, ಕಿಟಕಿಯಲ್ಲಿ ಬಿಡಿಸುವಾಗಲೇ ಎಡವಟ್ಟು.

ಈ ಎಡಿಟರ್‌ನ ಒಳಗಿರುವುದು ಸಿಂಟಿಲ್ಲಾ, ಅಂದರೆ ಪಠ್ಯ ತೋರಿಸುವ, ತಿದ್ದುವ ಕೆಲಸಕ್ಕೆಂದೇ ಇರುವ ಸಿದ್ಧ ಕೋಡ್. 1999ರಿಂದ ಇರುವ ಈ ಲೈಬ್ರರಿಯನ್ನೇ ನೋಟ್‌ಪ್ಯಾಡ್‌++, ಜೀನಿ (Geany), ಸೈಟ್ (SciTE) ಎಂಬ ಎಡಿಟರ್‌ಗಳೂ ಬಳಸುತ್ತವೆ. ಅದರಲ್ಲಿ ಎಲ್ಲ ಸಾಲುಗಳಿಗೂ ಒಂದೇ ಎತ್ತರ. ನಾವು ಆರಿಸಿದ ಫಾಂಟ್‌ನ ಅಳತೆಯಿಂದ ಅದು ಮೊದಲೇ ನಿಗದಿಯಾಗಿರುತ್ತದೆ. ನನ್ನ ಫಾಂಟ್ ಡೇಜಾವು ಸಾನ್ಸ್ ಮೋನೊ, ಅದರ ಅಕ್ಷರಗಳಿಗೆಲ್ಲ ಒಂದೇ ಅಗಲ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲದ ಕಾರಣ ಲಿನಕ್ಸ್ ಅವನ್ನು ನೋಟೊ ಸಾನ್ಸ್ ಕನ್ನಡದಿಂದ ತಂದು ಕೂರಿಸುತ್ತದೆ. ತಮ್ಮನ ಅಳತೆ ಕೊಟ್ಟು ಅಣ್ಣನಿಗೆ ಅಂಗಿ ಹೊಲಿಸಿದ ಹಾಗೆ! ಖಾತ್ರಿಗಾಗಿ ನೋಟೊವನ್ನೇ ಮುಖ್ಯ ಫಾಂಟ್ ಮಾಡಿದೆ. ಒತ್ತುಗಳೆಲ್ಲ ಪೂರ್ತಿ ಕಂಡವು. ಆದರೆ ಅದರ ಅಕ್ಷರಗಳ ಅಗಲ ಒಂದೇ ಅಲ್ಲದ್ದರಿಂದ ಆಗ ಕೋಡ್‌ನ ಕಾಲಂಗಳು ಓರೆಕೋರೆ. ಪ್ರೋಗ್ರಾಂ ಬರೆಯುವವರಿಗೆ ಅದು ಪರಿಹಾರವೇ ಅಲ್ಲ.

ಇನ್ನು ಬಿಡಿಸುವ ಕ್ರಮ. ಎರಡು ಹಂತದ ವಿಧಾನದಲ್ಲಿ ಸಿಂಟಿಲ್ಲಾ ಒಂದು ಸಾಲಿನ ಹಿನ್ನೆಲೆ ಬಳಿದು, ಮೇಲೆ ಅಕ್ಷರ ಬರೆದು, ಆಮೇಲೆ ಮುಂದಿನ ಸಾಲಿಗೆ ಹೋಗುತ್ತದೆ. ಕೆಳಕ್ಕೆ ಇಳಿಬಿದ್ದ ಒತ್ತನ್ನು ಆ ಮುಂದಿನ ಸಾಲಿನ ಹಿನ್ನೆಲೆಯೇ ಅಳಿಸಿಬಿಡುತ್ತದೆ. ಬಹುಹಂತದ ವಿಧಾನದಲ್ಲಿ ಹಾಗಲ್ಲ: ಎಲ್ಲ ಸಾಲುಗಳ ಹಿನ್ನೆಲೆ ಮೊದಲು, ಅಕ್ಷರಗಳು ಆಮೇಲೆ. ಎಡಿಟರ್‌ನ ಕೋಡ್ ಸಿಂಟಿಲ್ಲಾಕ್ಕೆ ಕಳಿಸುವ ‘ಸೆಟ್‌ಫೇಸಸ್‌ಡ್ರಾ’ ಎಂಬ ಸಂದೇಶಕ್ಕೆ ಆ ಆಯ್ಕೆ ಕೊಟ್ಟರೆ ಆಯಿತು. ಒಂದೇ ಷರತ್ತು, ಬಫರ್ಡ್ ಡ್ರಾಯಿಂಗ್ (ಚಿತ್ರವನ್ನು ಮೊದಲು ಮೆಮೊರಿಯಲ್ಲಿ ಬಿಡಿಸಿ ಆಮೇಲೆ ತೆರೆಗೆ ತರುವುದು) ಆನ್ ಇದ್ದರೆ ಸಿಂಟಿಲ್ಲಾ ಸದ್ದಿಲ್ಲದೆ ಎರಡು ಹಂತಕ್ಕೇ ಮರಳುತ್ತದೆ. ಎರರ್ ಕೂಡ ತೋರಿಸುವುದಿಲ್ಲ. ಕೈಪಿಡಿಯಲ್ಲಿ ಇದು ಒಂದೇ ವಾಕ್ಯ, ಕಣ್ಣು ತಪ್ಪುವುದು ಸುಲಭ. ಎಡಿಟರ್‌ನ ಕಿಟಕಿಗಳನ್ನು ನಿರ್ವಹಿಸುವ ಲೈಬ್ರರಿ ಜಿಟಿಕೆ 3 ತಾನೇ ಬಫರ್ ಮಾಡಿಕೊಳ್ಳುವುದರಿಂದ ಸಿಂಟಿಲ್ಲಾದ್ದನ್ನು ಆಫ್ ಮಾಡಿದ್ದರಿಂದ ನಷ್ಟವೇನೂ ಆಗಲಿಲ್ಲ.

ಒತ್ತುಗಳು ಕಂಡವು. ಆದರೆ ‘ಷ್ಟ್ರ’ದ ಬಾಲ ಕೆಳಸಾಲಿನ ಗುಡಿಸಿಗೆ ತಾಗುತ್ತಿತ್ತು. ಅದಕ್ಕೆ ‘ಸೆಟ್‌ಎಕ್ಸ್‌ಟ್ರಾಡಿಸೆಂಟ್’ ಎಂಬ ಇನ್ನೊಂದು ಸಂದೇಶ ಬಳಸಿ ಪ್ರತಿ ಸಾಲಿನ ಕೆಳಗೆ ಕೆಲವು ಪಿಕ್ಸೆಲ್ ಜಾಗ ಬಿಡಿಸಿದೆ. ಈ ತಿದ್ದುಪಡಿಗಳನ್ನು ಎಡಿಟರ್‌ನ ಯೋಜನೆಯವರ ಮುಂದಿಟ್ಟಾಗ ಇದಕ್ಕೆ ಮಾತ್ರ ತಕರಾರು ಬಂತು: ಬರೀ ಇಂಗ್ಲಿಷ್ ಬಳಸುವವರಿಗೆ ತೆರೆಯ ಮೇಲೆ ಕಾಣುವ ಸಾಲುಗಳು ಕಡಿಮೆಯಾಗುತ್ತವಲ್ಲ ಎಂದು. ನ್ಯಾಯವಾದ ಮಾತೇ. ಹಾಗಾಗಿ ಬಹುಹಂತದ ವಿಧಾನ ಎಲ್ಲರಿಗೂ, ಹೆಚ್ಚುವರಿ ಜಾಗ ಸೆಟ್ಟಿಂಗ್ಸ್‌ನಲ್ಲಿ ಬೇಕಾದವರಿಗೆ, ಎಂದು ಪ್ಯಾಚನ್ನು (ಕೋಡ್‌ನ ತಿದ್ದುಪಡಿಯನ್ನು) ಎರಡಾಗಿ ಒಡೆದು ಕಳಿಸಿದೆ. ಮೊದಲನೆಯದು ಬೇಗ ಸೇರಿತು. ಎರಡನೆಯದಕ್ಕೆ ಸೆಟ್ಟಿಂಗ್ಸ್‌ನ ಹೆಸರು ಏನಿರಬೇಕೆಂಬ ಚರ್ಚೆಯೇ ಕೋಡ್‌ಗಿಂತ ಉದ್ದವಾಯಿತು, ಓಪನ್ ಸೋರ್ಸ್‌ನಲ್ಲಿ ಇದು ಮಾಮೂಲು.

ಜೀನಿ ಬಳಸುವವರು ಇಷ್ಟೆಲ್ಲ ಮಾಡಬೇಕಿಲ್ಲ. ಟೂಲ್ಸ್ ಮೆನುವಿನ ಕಾನ್ಫಿಗರೇಶನ್ ಫೈಲ್ಸ್‌ನಿಂದ ಫೈಲ್‌ಟೈಪ್ಸ್.ಕಾಮನ್ ತೆರೆದರೆ ಸ್ಟೈಲಿಂಗ್ ವಿಭಾಗದಲ್ಲಿ ಸಾಲಿನ ಎತ್ತರಕ್ಕೆ 0;0; ಎಂದಿರುತ್ತದೆ. ಎರಡನೆಯ ಅಂಕಿ ಕೆಳಗಿನ ಜಾಗದ್ದು. ಅದನ್ನು 3 ಅಥವಾ 4 ಮಾಡಿ ನೋಡಿ; ಫಾಂಟ್ ದೊಡ್ಡದಿದ್ದರೆ ಇನ್ನೂ ಒಂದೆರಡು ಬೇಕಾದೀತು.