ಸಬ್‌ಮರೀನ್‌ಗೆ ತೂತು ಕೊರೆದದ್ದು

"ಅಪ್ಪಾ, ಸಬ್‌ಮರೀನ್‌ಗೆ ತೂತು ಮಾಡಿದ್ರೆ ಮುಳುಗಿ ಹೋಗಲ್ವಾ?" ಅಂತ ಮಗಳು ಕೇಳಿದಳು. ನನ್ನ ಮುಂದೆ ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್, ಟೈಪ್ 7ಸಿ ಯು-ಬೋಟ್‌ನ ಪ್ಲಾಸ್ಟಿಕ್ ಮಾಡೆಲ್ ಎರಡು ಹೋಳಾಗಿ ಬಿದ್ದಿತ್ತು. "ಮುಳುಗಲಿ ಅಂತಾನೇ ಮಾಡಿದ್ದು" ಅಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು.

ಆದರೆ ವಿಷಯ ಇರುವುದೇ ಹಾಗೆ. ನಮಗೆ ಹೊರಗೆ ಕಾಣುವುದು ಬಹುಪಾಲು ಹೊದಿಕೆ. ನೀರಿನ ಒತ್ತಡ ತಡೆಯುವ ಗಟ್ಟಿ ಕೊಳವೆ ಒಳಗಿರುತ್ತದೆ. ಮುಳುಗುವಾಗ ಎರಡರ ನಡುವೆ ಗಾಳಿ ಸಿಕ್ಕಿಕೊಳ್ಳಬಾರದು, ನೀರು ಸರ್ರನೆ ನುಗ್ಗಬೇಕು. ಅದಕ್ಕೇ ಬದಿಯುದ್ದಕ್ಕೂ ತೂತುಗಳ ಸಾಲು. ಟೈಪ್ 7ಸಿ ಸುಮಾರು 30 ಸೆಕೆಂಡಿನಲ್ಲಿ ನೀರಿನಡಿ ಹೋಗುತ್ತಿತ್ತು. ಇಂಥ ತೂತುಗಳನ್ನು ನಾನು ಮೊದಲು ಗಮನಿಸಿದ್ದು ವಿಶಾಖಪಟ್ಟಣದ ಕಡಲ ದಂಡೆಯಲ್ಲಿ, ಮ್ಯೂಸಿಯಂ ಆಗಿರುವ ಐಎನ್‌ಎಸ್ ಕುರ್ಸುರಾ ನೋಡಲು ಹೋದಾಗ. ಅದು ಸೋವಿಯತ್ ಫಾಕ್ಸ್‌ಟ್ರಾಟ್ ಜಾತಿಯದು, ಬೇರೆಯೇ ಹಡಗು. ಆದರೆ ತೂತಿನ ಕೆಲಸ ಅದೇ.

ನನ್ನ ಕಿಟ್ 1/144 ಅಳತೆಯದು, ಅಂದರೆ ನಿಜವಾದದ್ದರ 144ರಲ್ಲಿ ಒಂದು ಪಾಲು. ನಿಜವಾದ ಹಡಗು 67.1 ಮೀಟರ್, ಮಾಡೆಲ್ 46.6 ಸೆಂ.ಮೀ. ಕಿಟ್ಟಿನಲ್ಲಿ ತೂತುಗಳೇನೋ ಇದ್ದವು, ಆದರೆ ಬರೀ ತಗ್ಗುಗಳು. ಕಪ್ಪು ಬಣ್ಣ ತುಂಬಿದರೆ ಸಾಕು ಅಂತ ಹೇಳುವವರಿದ್ದಾರೆ. ಒಂದು ಹಡಗನ್ನು ಹಾಗೇ ಮಾಡಿಯೂ ಇದ್ದೆ. ಬೊಟ್ಟು ಇಟ್ಟ ಹಾಗೆ ಕಾಣುತ್ತಿತ್ತು. ಈ ಸಲ ಕೊರೆಯಲೇಬೇಕು ಅಂತ ಕೂತೆ.

ತೊಂದರೆ ಪ್ಲಾಸ್ಟಿಕ್ಕಿನ ದಪ್ಪ. ಗೋಡೆ ಒಂದೂವರೆ ಮಿಲಿಮೀಟರ್. 144ರಿಂದ ಗುಣಿಸಿ ನೋಡಿ, 21 ಸೆಂ.ಮೀ.ಗಿಂತ ಜಾಸ್ತಿ! ನಿಜವಾದ ಹಡಗಿನಲ್ಲಿ ಒಳಗಿನ ಗಟ್ಟಿ ಕೊಳವೆಯ ಉಕ್ಕೇ 18.5 ಮಿ.ಮೀ., ಹೊರ ಹೊದಿಕೆ ಅದಕ್ಕಿಂತ ತೆಳು. ಹಾಗೇ ಕೊರೆದರೆ ಕೋಟೆ ಗೋಡೆಯ ಕಿಂಡಿ ಆಗುತ್ತದೆ. ಮೊದಲು ಒಳಗಿನಿಂದ ತೆಳುವಾಗಿಸಬೇಕು.

ಮಿನಿ ಡ್ರಿಲ್‌ಗೆ ಗುಂಡು ತಲೆಯ ಬಿಟ್ ಹಾಕಿ ಒಳಬದಿ ಕೆರೆಯುತ್ತಾ ಹೋದೆ. ನಡುನಡುವೆ ಹೊರಗಡೆ ಟಾರ್ಚ್ ಹಿಡಿದು ನೋಡುವುದು. ತೆಳುವಾದ ಕಡೆ ಬೆಳಕು ಮಸುಕಾಗಿ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಾನು ನಿಲ್ಲಿಸಲಿಲ್ಲ. ವೇಗ ಜಾಸ್ತಿ ಇಟ್ಟಿದ್ದೆ, ಪ್ಲಾಸ್ಟಿಕ್ ಬಿಸಿಯಾಗಿ ಬಿಟ್‌ಗೆ ಅಂಟಿಕೊಂಡು ಎಡಬದಿಯಲ್ಲಿ ಬಟಾಣಿಯಷ್ಟು ಜಾಗ ಕರಗಿ ಹೋಯಿತು. ಸ್ಪ್ರೂ, ಅಂದರೆ ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿ, ಅದರ ಚೂರುಗಳನ್ನು ಪ್ಲಾಸ್ಟಿಕ್ ಅಂಟಿನಲ್ಲಿ ಕರಗಿಸಿ, ಆ ಗಸಿಯನ್ನೇ ತುಂಬಿ, ಎರಡು ದಿನ ಒಣಗಲು ಬಿಟ್ಟು, ಉಜ್ಜಿ ಸರಿ ಮಾಡಿದೆ. ಸರಿ ಅಂದರೆ, ಸುಮಾರಾಗಿ.

ಆಮೇಲೆ ಒಂದೊಂದು ತಗ್ಗಿನ ಎರಡು ತುದಿಗೂ 0.6 ಮಿ.ಮೀ. ತೂತು ಹಾಕಿ, ನಡುವಿನ ಜಾಗವನ್ನು ಬ್ಲೇಡಿನ ಮೊನೆಯಿಂದ ಕೊಯ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ, ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್ ಕೊರೆಯುವ ಪಿಸಿಬಿ ಬಿಟ್ ತಂದಿದ್ದೆ. ಚೂಪೇನೋ ಹೌದು, ಆದರೆ ಕೈ ಒಂಚೂರು ಓರೆಯಾದರೂ ಪಟ್ ಅಂತ ಮುರಿಯುತ್ತದೆ. ನಾಲ್ಕು ಮುರಿದ ಮೇಲೆ ಮಾಮೂಲಿ ಸ್ಟೀಲ್ ಬಿಟ್‌ಗೆ ಬಂದೆ. ತೂತುಗಳ ಸಾಲು ಹಡಗು ಕಟ್ಟುವ ಒಂದೊಂದು ಯಾರ್ಡಿನ ಹಡಗಿಗೆ ಒಂದೊಂದು ಥರ ಇರುತ್ತಿತ್ತು. ಪಕ್ಕಾ ಜನ ಫೋಟೋ ನೋಡಿಯೇ ಯಾರ್ಡ್ ಹೇಳುತ್ತಾರೆ. ನಾನು ಕಿಟ್ಟಿನಲ್ಲಿ ಇದ್ದದ್ದನ್ನೇ ಕೊರೆದೆ. ಮೂರು ವಾರ ಸಂಜೆಗಳು ಅದಕ್ಕೇ ಹೋದವು.

ತೂತಿನಲ್ಲಿ ಇಣುಕಿದರೆ ಒಳಗೆ ಖಾಲಿ ಕಾಣಬಾರದಲ್ವಾ? ಗಟ್ಟಿ ಕೊಳವೆಯ ವ್ಯಾಸ 4.7 ಮೀಟರ್. ಭಾಗಿಸಿದರೆ 32.6 ಮಿ.ಮೀ. ಪ್ಲಂಬಿಂಗ್ ಅಂಗಡಿಯಲ್ಲಿ 32 ಮಿ.ಮೀ. ಪಿವಿಸಿ ಪೈಪ್ ಇದ್ದೇ ಇದೆ! ಕುಣಿದುಕೊಂಡು ತಂದೆ. ಒಳಗೆ ಕೂರಲೇ ಇಲ್ಲ. ಲೆಕ್ಕ ಸರಿ ಇತ್ತು, ಆದರೆ ಪೈಪಿನ ಜಾಗವನ್ನು ಅದೇ ದಪ್ಪ ಗೋಡೆ ತಿಂದಿತ್ತು. ಕೊನೆಗೆ ವೈರಿಂಗ್‌ಗೆ ಹಾಕುವ 25 ಮಿ.ಮೀ. ಪೈಪನ್ನು ಉದ್ದಕ್ಕೆ ಸೀಳಿ, ಕಪ್ಪು ಬಣ್ಣ ಹೊಡೆದು, ಎಂ-ಸೀಲ್‌ನಿಂದ ಕೂರಿಸಿದೆ. ತುದಿಗಳು ಚೂಪಾಗುವ ಕಡೆ ಕಪ್ಪು ಡ್ರಾಯಿಂಗ್ ಹಾಳೆ. ಕತ್ತಲಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಬಣ್ಣ ಸುಲಭ. ಮೇಲೆ ತಿಳಿ ಬೂದು, ಕೆಳಗೆ ಕಡು ಬೂದು. ಪ್ರತಿ ತೂತಿನ ಕೆಳಗೂ ಚುಕ್ಕೆಯಷ್ಟು ಕಂದು ಆಯಿಲ್ ಪೇಂಟ್ ಇಟ್ಟು, ತಿನ್ನರ್‌ನಲ್ಲಿ ಅದ್ದಿದ ಕುಂಚದಿಂದ ಕೆಳಕ್ಕೆ ಎಳೆದರೆ ತುಕ್ಕು ಇಳಿದ ಗೆರೆ ಆಗುತ್ತದೆ. ಇದನ್ನು ಮಾಡುವಾಗ ಮಾತ್ರ ನನಗೆ ಕೈ ತಡೆಯುವುದಿಲ್ಲ, ಸ್ವಲ್ಪ ಅತಿಯಾಗಿದೆ. ಮೇಲಿನ ತಂತಿಗಳಿಗೆ ಸ್ಪ್ರೂ ಕಾಯಿಸಿ ಎಳೆದ ಎಳೆ. ಅಂಟಿಸಿದ ಮೇಲೆ ಸಡಿಲವಾಗಿದ್ದರೆ ಊದುಬತ್ತಿಯನ್ನು ಮುಟ್ಟಿಸದೆ ಹತ್ತಿರ ಹಿಡಿದರೆ ಬಿಗಿಯಾಗುತ್ತದೆ. ಎರಡು ಸಲ ಮುಟ್ಟಿಸಿದೆ.

ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿದ್ದು ಜುಲೈನ ಜಿಟಿಜಿಟಿ ಮಳೆಯಲ್ಲಿ. ಗಾಳಿಯ ತೇವಕ್ಕೆ ಇಡೀ ಹಡಗು ಬೂಷ್ಟು ಹಿಡಿದಂತೆ ಬೆಳ್ಳಗಾಯಿತು. ಬಿಸಿಲು ಬಂದ ದಿನ ಇನ್ನೊಂದು ತೆಳು ಕೋಟ್ ಕೊಟ್ಟಾಗ ಬಹುಪಾಲು ಹೋಯಿತು.

ಈಗ ಶೋಕೇಸಿನಲ್ಲಿದೆ, ಕರಗಿದ ಎಡಬದಿ ಗೋಡೆಯ ಕಡೆಗೆ. ಮನೆಗೆ ಯಾರೇ ಬಂದರೂ ಮಗಳು ಟಾರ್ಚ್ ತಂದು ತೂತಿನೊಳಗೆ ಬಿಟ್ಟು ತೋರಿಸುತ್ತಾಳೆ. ಒಳಗಿರುವುದು ವೈರಿಂಗ್ ಪೈಪ್ ಅನ್ನುವುದನ್ನೂ ಮರೆಯದೆ ಹೇಳುತ್ತಾಳೆ.