ಮಾತ್ರೆ ಶುರುವಾದ ಮೊದಲ ವಾರಗಳು

ಖಿನ್ನತೆಗೆ ಮಾತ್ರೆ ಬರೆಸಿಕೊಂಡವರು ಹತ್ತೇ ದಿನಕ್ಕೆ ಅದನ್ನು ಬಿಟ್ಟುಬಿಟ್ಟರು ಎಂದು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಿಟ್ಟವರನ್ನು ದೂರಲಾರೆ. ಆ ಮೊದಲ ದಿನಗಳು ಹೇಗಿರುತ್ತವೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ನನಗೆ ಹೇಳುವವರು ಸಿಕ್ಕಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನನ್ನ ಕಾಯಿಲೆಯಲ್ಲಿ ಅಳು ಇರಲಿಲ್ಲ. ನಸುಕಿನಲ್ಲೇ ಎಚ್ಚರವಾಗುತ್ತಿತ್ತು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತಿತ್ತು, ತಿಂಡಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಉತ್ತರಪತ್ರಿಕೆ ತಿದ್ದಲು ಕುಳಿತರೆ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಓದುತ್ತಿದ್ದೆ, ಅಂಕ ಹಾಕಲು ಧೈರ್ಯ ಸಾಲುತ್ತಿರಲಿಲ್ಲ. ಸಂಜೆಯಾಗುತ್ತಲೇ ಯಾವುದೂ ಬೇಡ, ಯಾರೂ ಬೇಡ. ಆತಂಕವೂ ಖಿನ್ನತೆಯೂ ಜೊತೆಯಾಗಿ ಬರುವುದು ತೀರ ಸಾಮಾನ್ಯ ಎಂದು ಆಮೇಲೆ ತಿಳಿಯಿತು.

ಮನೋವೈದ್ಯರು ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಗೆ ಬರೆದುಕೊಟ್ಟರು. ಇವುಗಳಲ್ಲಿ ಏರುಪೇರಾದರೂ ದಣಿವು, ಬೇಸರ, ಎದೆಬಡಿತ ಕಾಣಿಸಿಕೊಳ್ಳಬಹುದು. ಆಮೇಲೆ ಕೇಳಿದರು: “ನಿದ್ದೆಯೇ ಬೇಡ ಎನಿಸುವಷ್ಟು ಹುಮ್ಮಸ್ಸು, ಮಿತಿಮೀರಿದ ಮಾತು, ಕೈಬಿಚ್ಚಿ ಖರ್ಚು, ಇಂಥ ದಿನಗಳು ಎಂದಾದರೂ ಬಂದಿದ್ದವೇ? ಮನೆಯಲ್ಲಿ ಬೇರೆ ಯಾರಿಗಾದರೂ?” ಖಿನ್ನತೆಯೂ ಇಂಥ ಹುಮ್ಮಸ್ಸಿನ ಉನ್ಮಾದವೂ ಬೇರೆ ಬೇರೆ ಸಮಯದಲ್ಲಿ ಬರುವ ಬೈಪೋಲಾರ್ ಕಾಯಿಲೆ ಇರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕಾಯಿಲೆ ಉನ್ಮಾದದ ಕಡೆಗೆ ತಿರುಗಬಹುದು. ಒಬ್ಬರ ಚೀಟಿ ಹಿಡಿದು ಇನ್ನೊಬ್ಬರು ಮಾತ್ರೆ ತರಬಾರದು ಎನ್ನುವುದು ಇದೇ ಕಾರಣಕ್ಕೆ.

ನನಗೆ ಬರೆದದ್ದು ಎಸ್ಸಿಟಾಲೊಪ್ರಾಮ್. ಶುರುವಿಗೆ 5 ಮಿಲಿಗ್ರಾಂ, ವಾರದ ನಂತರ 10. ಎಸ್‌ಎಸ್‌ಆರ್‌ಐ ಎಂಬ ಗುಂಪಿಗೆ ಸೇರಿದ ಔಷಧಿ ಇದು. ನರಕೋಶಗಳು ಹೊರಬಿಟ್ಟ ಸಿರೊಟೋನಿನ್ ಎಂಬ ರಾಸಾಯನಿಕವನ್ನು ತಾವೇ ಮತ್ತೆ ಹೀರಿಕೊಳ್ಳುವುದನ್ನು ಇದು ತಡೆಯುತ್ತದೆ. ಈ ತಡೆ ಮೊದಲ ದಿನವೇ ಶುರುವಾಗುತ್ತದೆ. ಆದರೆ ಮನಸ್ಸು ಹಗುರವಾಗಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಪೂರ್ಣ ಗುಣ ಕಾಣಲು ಇನ್ನೂ ಹೆಚ್ಚು. ವೈದ್ಯರು ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದು ಎಡಕ್ಕೆ ‘ಮೊದಲು ಬರುವುದು’, ಬಲಕ್ಕೆ ‘ಆಮೇಲೆ ಬರುವುದು’ ಎಂದು ಬರೆದರು. ಎಡದಲ್ಲಿ ಓಕರಿಕೆ, ತಲೆನೋವು, ಬೆವರು, ಚಡಪಡಿಕೆ, ನಿದ್ದೆಗೇಡು. ಬಲದಲ್ಲಿ ನಿದ್ದೆ, ಹಸಿವು, ನೆಮ್ಮದಿ. ಆ ಚೀಟಿಯನ್ನು ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿದೆ.

ಎಡಬದಿಯದೆಲ್ಲ ಚಾಚೂ ತಪ್ಪದೆ ಬಂತು. ಹೊಟ್ಟೆ ತೊಳಸುತ್ತಿತ್ತು, ಬಾಯಿ ಒಣಗುತ್ತಿತ್ತು, ಆತಂಕ ಇಳಿಯುವ ಬದಲು ಇನ್ನಷ್ಟು ಏರಿತು. ಮಾತ್ರೆಯನ್ನು ತಿಂಡಿಯಾದ ಮೇಲೆ ತೆಗೆದುಕೊಂಡಾಗ ಓಕರಿಕೆ ತಗ್ಗಿತು. ಬೆಳಿಗ್ಗೆಯೇ ತೆಗೆದುಕೊಂಡಿದ್ದರಿಂದ ರಾತ್ರಿಯ ನಿದ್ದೆಗೂ ಒಳ್ಳೆಯದಾಯಿತು. ಈ ದಿನಗಳಿಗೆಂದೇ ವೈದ್ಯರು ಕ್ಲೋನಜೆಪಾಮ್ ಎಂಬ, ಆತಂಕ ತಗ್ಗಿಸಿ ನಿದ್ದೆ ಬರಿಸುವ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು, ಕೆಲವೇ ವಾರಗಳಲ್ಲಿ ನಿಲ್ಲಿಸಿದರು. ಸಾಯುವ ಯೋಚನೆ ಬಂದರೆ, ಅಥವಾ ನನ್ನ ನಡವಳಿಕೆ ತಟ್ಟನೆ ಬದಲಾದರೆ ತಡಮಾಡದೆ ಕರೆತರಬೇಕೆಂದು ನನ್ನ ಪತಿಗೂ ಹೇಳಿದ್ದರು. 25 ವರ್ಷ ದಾಟದವರಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

“ಇದಕ್ಕೆ ಒಗ್ಗಿಹೋದರೆ ಆಮೇಲೆ ಬಿಡಿಸುವವರು ಯಾರಮ್ಮ?” ಎಂದರು ಅತ್ತೆ. ಅವರ ಭಯ ಸುಳ್ಳಲ್ಲ, ಅದು ಅನ್ವಯಿಸುವ ಮಾತ್ರೆ ಬೇರೆ. ಬಹುಕಾಲ ತೆಗೆದುಕೊಂಡರೆ ಚಟವಾಗಬಹುದಾದದ್ದು ಕ್ಲೋನಜೆಪಾಮ್. ಎಸ್ಸಿಟಾಲೊಪ್ರಾಮ್ ಬೇಕೆಂಬ ಹಂಬಲ ಹುಟ್ಟುವುದಿಲ್ಲ, ಪ್ರಮಾಣ ಏರಿಸುತ್ತಲೇ ಹೋಗಬೇಕಾಗುವುದೂ ಇಲ್ಲ. ಎರಡನ್ನೂ ‘ನಿದ್ದೆ ಮಾತ್ರೆ’ ಎಂದು ಒಟ್ಟಿಗೆ ಕರೆಯುವುದರಿಂದ ಬಹಳ ಜನ ಚಿಕಿತ್ಸೆಯಿಂದಲೇ ದೂರ ಉಳಿಯುತ್ತಾರೆ. ಅತ್ತೆಯವರಿಗೆ ಎರಡೂ ಮಾತ್ರೆಗಳ ಸ್ಟ್ರಿಪ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ. ಆಮೇಲೆ ಬೆಳಗಿನ ಮಾತ್ರೆ ನೆನಪಿಸುವವರು ಅವರೇ ಆದರು.

ಗುಣ ಬಂದದ್ದು ಸದ್ದಿಲ್ಲದೆ. ಒಂದು ಬೆಳಿಗ್ಗೆ ಮೊದಲ ಅವಧಿಯ ಗಂಟೆ ಹೊಡೆದು, ಸೀಮೆಸುಣ್ಣ ಕೈಗೆತ್ತಿಕೊಂಡ ಮೇಲಷ್ಟೇ ಎದೆ ಹೊಡೆದುಕೊಳ್ಳುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಮಾತ್ರೆ ನನ್ನನ್ನು ಖುಷಿಪಡಿಸಲಿಲ್ಲ, ಮಂಕು ಹಿಡಿಸಲೂ ಇಲ್ಲ. ಮಕ್ಕಳ ತಂಟೆಗೆ ಸಿಟ್ಟು ಬರುತ್ತಿತ್ತು, ಸಿನಿಮಾ ನೋಡಿದರೆ ಕಣ್ಣು ತುಂಬುತ್ತಿತ್ತು. ಆಪ್ತಸಮಾಲೋಚಕರ ಬಳಿ ಹೋದಾಗ ಅವರು ಹೇಳಿದ ಅಭ್ಯಾಸಗಳನ್ನು ಮಾಡುವಷ್ಟು ತ್ರಾಣವೂ ಆಗ ಬಂದಿತ್ತು. ಮಾತ್ರೆ ಇಲ್ಲದಿದ್ದರೆ ಆ ಮಾತುಗಳು ನನ್ನ ಕಿವಿಗೇ ಬೀಳುತ್ತಿರಲಿಲ್ಲ ಎಂದು ಖಂಡಿತವಾಗಿ ನಂಬಿದ್ದೇನೆ.

ಒಂದು ತೊಂದರೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಔಷಧಿಯಿಂದ ಲೈಂಗಿಕ ಆಸಕ್ತಿ ಕುಗ್ಗಬಹುದು, ಗಂಡಸರಿಗೂ ಹೆಂಗಸರಿಗೂ. ನನಗೂ ಹಾಗಾಯಿತು. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿದೆ. ಪ್ರಮಾಣ ಹೊಂದಿಸುವುದು, ಮಾತ್ರೆ ಬದಲಿಸುವುದು ಎಲ್ಲಕ್ಕೂ ದಾರಿಯಿದೆ ಎಂದರು. ಹೇಳದೆ ಒಳಗೊಳಗೇ ಮಾತ್ರೆ ಬಿಡುವವರೇ ಹೆಚ್ಚಂತೆ. ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಯನ್ನೂ ಕೇಳದೆ ನುಂಗಬೇಡಿ, ಇದರ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಮನೋವೈದ್ಯರು ಹತ್ತಿರದಲ್ಲಿಲ್ಲದವರಿಗೆ ನಾನು ಕೊಡುವುದು 14416 ಸಂಖ್ಯೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು; ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಗುಣವಾದ ಮೇಲೂ ಮಾತ್ರೆಯನ್ನು ಕನಿಷ್ಠ 6ರಿಂದ 9 ತಿಂಗಳು ಮುಂದುವರಿಸಬೇಕೆಂದರು ನನ್ನ ವೈದ್ಯರು. ಬೇಗ ಬಿಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಅದರಂತೆ ನಡೆದು, ಈಗ ಅವರು ಹೇಳಿದ ಹಾಗೆಯೇ ಹಂತಹಂತವಾಗಿ ಇಳಿಸುತ್ತಿದ್ದೇನೆ. ಪ್ರಮಾಣ ಅರ್ಧಕ್ಕೆ ಬಂದಾಗ ಕತ್ತು ತಿರುಗಿಸಿದರೆ ತಲೆಯೊಳಗೆ ಚುರುಕ್ಕೆಂದು ಕರೆಂಟ್ ಹೊಡೆದಂತಾಗುತ್ತಿತ್ತು. ಫೋನು ಮಾಡಿದೆ. ಕಾಯಿಲೆ ಮರಳಿದ್ದಲ್ಲ, ಇಳಿಸುವಾಗ ಹೀಗಾಗುವುದುಂಟು, ಇನ್ನೂ ನಿಧಾನವಾಗಿ ಹೋಗೋಣ ಎಂದರು. ಕೆಲವು ದಿನಗಳಲ್ಲಿ ಅದು ತಾನಾಗಿ ನಿಂತಿತು. ಮುಂದಿನ ಇಳಿಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ. ಕೆಲಸದ ಒತ್ತಡವಿರುವಾಗ ಬೇಡ ಎಂದು ಇಬ್ಬರೂ ಮಾತನಾಡಿಕೊಂಡಿದ್ದೇವೆ.