ಹಳದಿ ಗುರುತು ಇದೆಯಾ, ಮೊದಲು ಅದನ್ನು ನೋಡಿ

"ಲ್ಯಾನ್ ಡ್ರೈವರ್ ಹೋಗೈತೆ ಕಣಪ್ಪ, ಹಾಕ್ಕೊಟ್ಬುಡು. ನಾಳೆ ಟೆಂಡ್ರು ಐತೆ" ಅಂತ ತಿಪಟೂರಿನ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಸಿಪಿಯು ತಂದು ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಮೇಜಿನ ಮೇಲೆ ಇಟ್ಟರು. ನಮ್ಮ ಕಡೆ ಇಡೀ ಡಬ್ಬಕ್ಕೇ ಸಿಪಿಯು ಅನ್ನುತ್ತಾರೆ. ತಿದ್ದುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಲ್ಯಾನ್ ಅಂದರೆ ವೈರಿನ ಮೂಲಕ ನೆಟ್ ಬರುವ ಜೋಡಣೆ, ಡ್ರೈವರ್ ಅಂದರೆ ಒಂದು ಸಾಧನವನ್ನು ವಿಂಡೋಸ್ ಓಡಿಸಲು ಬೇಕಾದ ಪುಟ್ಟ ಸಾಫ್ಟ್‌ವೇರ್. ಕೊಬ್ಬರಿಯ ದರವನ್ನು ಈಗ ಆನ್‌ಲೈನಿನಲ್ಲೇ ನಮೂದಿಸಬೇಕು, ಹಾಗಾಗಿ ನೆಟ್ ಇಲ್ಲದಿದ್ದರೆ ಮಂಡಿ ಮುಚ್ಚಿದಂತೆಯೇ.

ಮಾನಿಟರಿಗೆ ಸಿಕ್ಕಿಸಿ ಆನ್ ಮಾಡಿದೆ. ಲ್ಯಾನ್ ವೈರ್ ಹಾಕಿದ ಕೂಡಲೇ ನೆಟ್ ಬಂತು. ಏನೂ ಕೆಟ್ಟಿರಲಿಲ್ಲ. ಆದರೂ ಗಿರಾಕಿ ಎದುರಿಗೆ ಕೂತಿದ್ದಾರಲ್ಲ, ಸುಮ್ಮನೆ ಕಳಿಸಲು ಮನಸ್ಸಾಗದೆ, ಲ್ಯಾನ್ ಚಿಪ್ ಮಾಡುವ ಕಂಪನಿಯಾದ ರಿಯಲ್‌ಟೆಕ್‌ನ ಹೊಸ ಡ್ರೈವರ್ ಹಾಕಿ, "ಹಳೇದಿತ್ತು ಯಜಮಾನ್ರೇ, ಬದಲಾಯಿಸಿದೀನಿ" ಅಂತ 250 ರೂಪಾಯಿ ತಗೊಂಡೆ. ಎರಡು ವಾರಕ್ಕೆ ಅದೇ ಡಬ್ಬ ಮತ್ತೆ ಬಂತು. ಅಂಗಡಿಯಲ್ಲಿ ಮತ್ತೆ ಸರಿಯಾಗಿಯೇ ಕೆಲಸ ಮಾಡಿತು. ಈ ಸಲ ದುಡ್ಡು ಕೇಳುವ ಧೈರ್ಯವಾಗಲಿಲ್ಲ.

ಮೂರನೇ ಸಲ ಫೋನ್ ಬಂದಾಗ "ತರಬೇಡಿ, ನಾನೇ ಬರ್ತೀನಿ" ಅಂದೆ. ಮಂಡಿಯಲ್ಲಿ ಕೂತು, ಸಿಸ್ಟಂನ ಸಾಧನಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆಗೆದರೆ, ನೆಟ್‌ವರ್ಕ್ ಅಡಾಪ್ಟರ್ ಅನ್ನುವ ಸಾಲೇ ಕಾಣೆ. ತೊಂದರೆ ಇದೆ ಅಂತ ತೋರಿಸುವ ಹಳದಿ ತ್ರಿಕೋನವೂ ಇಲ್ಲ, ಹೆಸರಿಲ್ಲದ 'ಎತರ್ನೆಟ್ ಕಂಟ್ರೋಲರ್' ಕೂಡ ಇಲ್ಲ. ಮದರ್‌ಬೋರ್ಡಿನ ಮೇಲೆ ಅಂಥದ್ದೊಂದು ಚಿಪ್ ಇದೆ ಅನ್ನುವುದೇ ವಿಂಡೋಸಿಗೆ ತಿಳಿಯದ ಹಾಗಿತ್ತು. ಸಿಸ್ಟಂ ಶಟ್‌ಡೌನ್ ಮಾಡಿ ಹಿಂದೆ ಬಗ್ಗಿ ನೋಡಿದೆ. ಫ್ಯಾನ್ ನಿಂತಿದೆ, ಮುಂದಿನ ದೀಪ ಆರಿದೆ, ಆದರೆ ಲ್ಯಾನ್ ಪೋರ್ಟಿನ ಕಿತ್ತಳೆ ದೀಪ ಮಾತ್ರ ಉರಿಯುತ್ತಲೇ ಇದೆ.

ಆಗ ಹೊಳೆಯಿತು. ನಾವು ಆಫ್ ಮಾಡಿದರೂ ಡಬ್ಬದೊಳಗಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಲ್ಯಾನ್ ಚಿಪ್ ಅದರ ಮೇಲೆ ಎಚ್ಚರವಾಗಿರುತ್ತದೆ, ದೂರದಿಂದ ಸಿಸ್ಟಂ ಆನ್ ಮಾಡುವ ಸೌಕರ್ಯಕ್ಕೆ ಅಂತ. ಕರೆಂಟ್ ಹೋಗಿ ಬರುವ ಏರುಪೇರಿನಲ್ಲಿ ಚಿಪ್ ಒಮ್ಮೆ ಹ್ಯಾಂಗ್ ಆಗಿ ಹಿಡಿದುಕೊಂಡಿತೋ, ಎಷ್ಟು ಸಲ ಆಫ್ ಆನ್ ಮಾಡಿದರೂ ಅದಕ್ಕೆ ನಿಜವಾದ ಆಫ್ ಸಿಗುವುದೇ ಇಲ್ಲ. ಪವರ್ ವೈರ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಕಿತ್ತಳೆ ದೀಪ ಆರಿತು. ವೈರ್ ಹಾಕಿ ಆನ್ ಮಾಡಿದರೆ ಅಡಾಪ್ಟರ್ ತನ್ನ ಜಾಗದಲ್ಲೇ ಇತ್ತು. ಹಿಂದಿನ ಎರಡು ಸಲ ರಿಪೇರಿ ಮಾಡಿದ್ದು ನನ್ನ ಡ್ರೈವರ್ ಅಲ್ಲ, ವೈರ್ ಕಿತ್ತು ಸಿಪಿಯು ಹೊತ್ತುಕೊಂಡು ಬಂದ ಯಜಮಾನರೇ.

ಆ 250 ರೂಪಾಯಿ ವಾಪಸ್ ಕೊಟ್ಟೆ. ಲ್ಯಾನಿನ ಪವರ್ ಉಳಿಸುವ ಟಿಕ್ ತೆಗೆದೆ, ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿದೆ. ಈ ಫಾಸ್ಟ್ ಸ್ಟಾರ್ಟಪ್ ವಿಂಡೋಸ್ 8ರಿಂದ ಬಂದದ್ದು. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಬೆಳಿಗ್ಗೆ ಹಾಗೆಯೇ ಎದ್ದು ಬರುತ್ತದೆ. "ಆಫ್ ಮಾಡಿ ಆನ್ ಮಾಡ್ದೆ, ಸರಿ ಹೋಗ್ಲಿಲ್ಲ" ಅನ್ನುವವರಿಗೆ ನಾನು ರೀಸ್ಟಾರ್ಟ್ ಮಾಡಿ ಅನ್ನುವುದು ಇದಕ್ಕೇ. ರೀಸ್ಟಾರ್ಟಿನಲ್ಲಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಅಂದಿನಿಂದ ನಾನು ಮೊದಲು ನೋಡುವುದು ಒಂದನ್ನೇ, ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನ ಇದೆಯೋ ಇಲ್ಲವೋ. ಹಳದಿ ಗುರುತು ಹೊತ್ತು ಕೂತಿದ್ದು, ಒಳಗೆ ಕೋಡ್ 28 ಅಂತ ಇದ್ದರೆ ಡ್ರೈವರ್ ಇಲ್ಲ ಅಂತಲೇ ಅರ್ಥ. ಕೋಡ್ 10 ಅಂದರೆ ಡ್ರೈವರ್ ಇದೆ, ಸಾಧನ ಶುರುವಾಗುತ್ತಿಲ್ಲ. ತಪ್ಪು ಡ್ರೈವರ್ ಇರಬಹುದು, ಚಿಪ್ಪೇ ಹೋಗಿರಬಹುದು. ಸಾಲೇ ಇಲ್ಲದಿದ್ದರೆ ಮಾತ್ರ ಡ್ರೈವರ್ ಹುಡುಕಿ ಪ್ರಯೋಜನವಿಲ್ಲ. ಬಯಾಸ್‌ನಲ್ಲಿ (ವಿಂಡೋಸಿಗೂ ಮುಂಚೆ ಏಳುವ, ಬೋರ್ಡಿನದೇ ಸಾಫ್ಟ್‌ವೇರ್) ಆನ್‌ಬೋರ್ಡ್ ಲ್ಯಾನ್ ಆಫ್ ಆಗಿದೆಯಾ ನೋಡಬೇಕು, ವೈರ್ ಕಿತ್ತು ನೋಡಬೇಕು, ಆಮೇಲೆ ಸುಟ್ಟಿದೆಯೇನೋ ಅಂತ ಯೋಚಿಸಬೇಕು. ಸೌಂಡ್ ಬರಲ್ಲ ಅಂತ ಬರುವವರ ಕಥೆ ಇನ್ನೂ ಸಲೀಸು. ಎಚ್‌ಡಿಎಂಐ ಮಾನಿಟರ್ ಹಾಕಿಸಿಕೊಂಡಿರುತ್ತಾರೆ, ಸೌಂಡ್ ಸ್ಪೀಕರೇ ಇಲ್ಲದ ಆ ಮಾನಿಟರಿಗೆ ಹೋಗುತ್ತಿರುತ್ತದೆ. ಗಡಿಯಾರದ ಪಕ್ಕದ ಸ್ಪೀಕರ್ ಚಿಹ್ನೆ ಒತ್ತಿ ರಿಯಲ್‌ಟೆಕ್ ಆರಿಸಿಕೊಟ್ಟರೆ ಮುಗಿಯಿತು.

ನಿಜವಾಗಿಯೂ ಡ್ರೈವರಿನದೇ ತೊಂದರೆಯಾಗಿ ನನ್ನನ್ನು ಎರಡು ದಿನ ಒದ್ದಾಡಿಸಿದ್ದು ಒಂದು ಫ್ಲೆಕ್ಸ್ ಅಂಗಡಿಯ ಸಿಸ್ಟಂ. ಸ್ಟಿಕ್ಕರ್ ಕತ್ತರಿಸುವ ಅವರ ಹಳೇ ಪ್ಲಾಟರಿನ ಸಾಫ್ಟ್‌ವೇರ್ ವಿಂಡೋಸ್ 7 ಬಿಟ್ಟು ಬೇರೆಯದರಲ್ಲಿ ಓಡುತ್ತಿರಲಿಲ್ಲ. ಬೋರ್ಡ್ ಸುಟ್ಟಿತ್ತು, ಅವರೇ ಎಲ್ಲಿಂದಲೋ ಹೆಸರಿಲ್ಲದ ಎಚ್110 ಬೋರ್ಡ್ ತಂದಿದ್ದರು. ಡಿವಿಡಿಯಿಂದ ವಿಂಡೋಸ್ 7 ಹಾಕಲು ಕೂತೆ. ಬಯಾಸ್‌ನಲ್ಲಿ ಕೀಬೋರ್ಡ್, ಮೌಸ್ ಎರಡೂ ಚೆನ್ನಾಗಿ ಓಡಿದವು. ಭಾಷೆ ಆರಿಸುವ ಮೊದಲ ಪರದೆ ಬಂತು ನೋಡಿ, ಎರಡೂ ಸತ್ತವು.

ಚಿಪ್‌ಸೆಟ್ ಅಂದರೆ ಬೋರ್ಡಿನ ಪೋರ್ಟು, ಸಾಧನಗಳನ್ನೆಲ್ಲ ನೋಡಿಕೊಳ್ಳುವ ಮುಖ್ಯ ಚಿಪ್. ಇಂಟೆಲ್ 2015ರಲ್ಲಿ ತಂದ, ಈ ಎಚ್110 ಕೂಡ ಸೇರಿದ 100 ಸರಣಿಯ ಚಿಪ್‌ಸೆಟ್‌ಗಳಲ್ಲಿ ಯುಎಸ್‌ಬಿ 2ರ ಹಳೇ ಕಂಟ್ರೋಲರನ್ನೇ ತೆಗೆದುಹಾಕಿತು. ಎಲ್ಲ ಪೋರ್ಟುಗಳೂ ಎಕ್ಸ್‌ಎಚ್‌ಸಿಐ ಅನ್ನುವ ಹೊಸ ಕಂಟ್ರೋಲರಿನ ಕೆಳಗೆ ಬಂದವು. 2009ರ ವಿಂಡೋಸ್ 7ರಲ್ಲಿ ಅದಕ್ಕೆ ಡ್ರೈವರ್ ಎಲ್ಲಿಂದ ಬರಬೇಕು? ಬಯಾಸಿಗೆ ಅದರದೇ ಯುಎಸ್‌ಬಿ ಡ್ರೈವರ್ ಇರುವುದರಿಂದ ಅಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಬೋರ್ಡಿನ ಹಿಂದೆ ಹಳೇ ಕೀಬೋರ್ಡ್ ಸಿಕ್ಕಿಸುವ ದುಂಡಗಿನ ಪಿಎಸ್/2 ಪೋರ್ಟ್ ಒಂದು ಉಳಿದಿದ್ದೇ ಪುಣ್ಯ. ಗುಜರಿ ಮೂಟೆಯಲ್ಲಿ ಕೈಯಾಡಿಸಿ, ಎಂಟರ್ ಕೀಲಿ ಅರ್ಧ ಒಡೆದ ಒಂದು ಪಿಎಸ್/2 ಕೀಬೋರ್ಡ್ ಹುಡುಕಿದೆ. ಮೌಸ್ ಇಲ್ಲದೆ ಟ್ಯಾಬ್ ಒತ್ತಿ ಒತ್ತಿ ಇನ್‌ಸ್ಟಾಲ್ ಮುಗಿಸಿದೆ.

ಡೆಸ್ಕ್‌ಟಾಪ್ ಬಂತು, ಆದರೆ ಪೆನ್‌ಡ್ರೈವ್ ಓದುವುದಿಲ್ಲ, ನೆಟ್ ಇಲ್ಲ. ಬೋರ್ಡಿನ ಹೆಸರಾದರೂ ತಿಳಿಯೋಣ ಅಂತ, ಸಿಸ್ಟಂನ ವಿವರ ತೋರಿಸುವ ವಿಂಡೋಸಿನ ಎಂಎಸ್‌ಇನ್ಫೋ32 ತೆಗೆದರೆ, ಕಂಪನಿ ಹೆಸರಿನ ಜಾಗದಲ್ಲಿ 'ಟು ಬಿ ಫಿಲ್ಡ್ ಬೈ ಓಇಎಂ' ಅಂತ ಇತ್ತು, ಮಾಡೆಲ್ ಜಾಗದಲ್ಲೂ ಅದೇ. ತಯಾರಿಸಿದವರು ಫಾರಂ ತುಂಬುವುದನ್ನೇ ಮರೆತಿದ್ದರು.

ಇಂಥ ಹೊತ್ತಿನಲ್ಲಿ ಹೆಸರು ಬಿಟ್ಟು ನಂಬರ್ ಹಿಡಿಯಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಸಾಲಿನ ಪ್ರಾಪರ್ಟೀಸ್ ತೆಗೆದು, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ಆರಿಸಿದರೆ 'ವೆನ್', 'ಡೆವ್' ಅಂತ ಎರಡು ಸಂಖ್ಯೆ ಸಿಗುತ್ತವೆ. ವೆನ್ ಅಂದರೆ ಚಿಪ್ ಮಾಡಿದ ಕಂಪನಿ, ಡೆವ್ ಅಂದರೆ ಚಿಪ್. 10ಇಸಿ ಇದ್ದರೆ ರಿಯಲ್‌ಟೆಕ್, 1022 ಇದ್ದರೆ ಎಎಂಡಿ. ಇಂಟೆಲ್ ನಂಬರ್ ಮಾತ್ರ ಯಾರೂ ಮರೆಯುವ ಹಾಗಿಲ್ಲ, 8086. 1978ರಲ್ಲಿ ಬಂದ ತಮ್ಮ ಪ್ರೊಸೆಸರಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ.

ಆ ಬೋರ್ಡಿನ ಯುಎಸ್‌ಬಿ ಸಾಲಿನಲ್ಲಿ 8086, ಎ12ಎಫ್ ಇತ್ತು. ಎತರ್ನೆಟ್‌ನಲ್ಲಿ 10ಇಸಿ, 8168. ಬೋರ್ಡಿನ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಚಿಪ್ ಮೇಲೆ 8111 ಅಂತ ಬರೆದಿರುತ್ತದೆ, ಗಾಬರಿ ಬೇಡ, ರಿಯಲ್‌ಟೆಕ್‌ನ ಆ ಚಿಪ್ ಕೇಳಿದಾಗ ಹೇಳುವ ನಂಬರ್ 8168. 'ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್' ಅಂತ ಇನ್ನೊಂದು ಸಾಲು. ಕೆಲಸ ಕಲಿಯುತ್ತಿದ್ದಾಗ ಈ ಹೆಸರು ನೋಡಿ ಅರ್ಧ ದಿನ ಮೋಡೆಮ್ ಡ್ರೈವರ್ ಹುಡುಕಿದ್ದೆ. ಇಂಟೆಲ್ ಬೋರ್ಡಿನಲ್ಲಿ ಅದು ಚಿಪ್‌ಸೆಟ್ಟಿನ ಒಳಗಿರುವ ಮ್ಯಾನೇಜ್‌ಮೆಂಟ್ ಎಂಜಿನ್. 'ಎಸ್‌ಎಂ ಬಸ್' ಅಂದರೆ ಚಿಪ್‌ಸೆಟ್ ಡ್ರೈವರ್ ಹಾಕಿಲ್ಲ ಅಂತ.

ಸಂಖ್ಯೆಗಳನ್ನು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡು, ಇನ್ನೊಂದು ಸಿಸ್ಟಂನಲ್ಲಿ ಇಂಟೆಲ್ ಮತ್ತು ರಿಯಲ್‌ಟೆಕ್‌ನಿಂದಲೇ ವಿಂಡೋಸ್ 7ರ ಡ್ರೈವರ್ ಇಳಿಸಿ, ಸಿಡಿಗೆ ಬರೆದೆ. ಸಿಡಿ ಡ್ರೈವ್ ಸಾಟಾ ವೈರಿನಲ್ಲಿ ಇರುವುದರಿಂದ ಅದಕ್ಕೆ ಯುಎಸ್‌ಬಿಯ ಹಂಗಿಲ್ಲ. ಮೊದಲು ಚಿಪ್‌ಸೆಟ್, ಆಮೇಲೆ ಯುಎಸ್‌ಬಿ. ಮೌಸಿನ ಹೊಟ್ಟೆಯಲ್ಲಿ ಕೆಂಪು ದೀಪ ಹತ್ತಿದಾಗ ಪಕ್ಕದಲ್ಲಿದ್ದ ಹುಡುಗ ಚಪ್ಪಾಳೆ ಹೊಡೆದ.

ಅದೇ ಹುಡುಗ ನಾನು ಊಟಕ್ಕೆ ಹೋದಾಗ, ಉಳಿದ ಡ್ರೈವರ್ ತಾನೇ ಹಾಕೋಣ ಅಂತ 'ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ' ಅನ್ನುವ ಒಂದು ಸಾಫ್ಟ್‌ವೇರ್ ಇಳಿಸಿದ್ದ. ಬಂದು ನೋಡಿದರೆ ಎರಡು ಆ್ಯಂಟಿವೈರಸ್ ಜಗಳವಾಡುತ್ತಿದ್ದವು, ಸೌಂಡಿಗೆ ಬೇರೆ ಯಾವುದೋ ಡ್ರೈವರ್ ಕೂತು ಕೋಡ್ 10 ಬಂದಿತ್ತು. ಅದನ್ನು ಬಿಡಿಸಲು ಇನ್ನರ್ಧ ದಿನ ಹೋಯಿತು. ಎಲ್ಲ ಮುಗಿದ ಮೇಲೆ ಡ್ರೈವರ್‌ಗಳನ್ನು ಡಿ ಡ್ರೈವ್‌ನಲ್ಲೂ ಒಂದು ಸಿಡಿಯಲ್ಲೂ ಇಟ್ಟು, ಸಿಡಿಯನ್ನು ಕ್ಯಾಬಿನೆಟ್ಟಿನ ಒಳಗೇ ಟೇಪು ಹಾಕಿ ಅಂಟಿಸಿದೆ.

ಒಡೆದ ಎಂಟರ್ ಕೀಲಿಯ ಆ ಕೀಬೋರ್ಡ್ ಈಗ ನನ್ನ ಅಂಗಡಿಯ ಮೊಳೆಯ ಮೇಲಿದೆ, ಗುಜರಿಗೆ ಹಾಕಿಲ್ಲ. ಇನ್ನು ಮಂಡಿಯಲ್ಲಿ ವರ್ಷಕ್ಕೆ ಒಂದೆರಡು ಸಲ ಲ್ಯಾನ್ ಇನ್ನೂ ಹಿಡಿದುಕೊಳ್ಳುತ್ತದೆ. ಯಜಮಾನರು ಫೋನ್ ಮಾಡುವುದಿಲ್ಲ, ತಾವೇ ವೈರ್ ಕೀಳುತ್ತಾರೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಮೊದಲು ವೈರನ್ನೇ ಕೀಳುತ್ತಾರಂತೆ.